ಫ್ರೊಮೆಲ್‌ನ ಮಣ್ಣಿನಲ್ಲಿ

ಫ್ರಾನ್ಸ್ ದೇಶದ ಉತ್ತರ ಭಾಗದಲ್ಲಿ ಫ್ರೊಮೆಲ್ ಎಂಬುದೊಂದು ಚಿಕ್ಕ ಹಳ್ಳಿ. ಸುತ್ತಲೂ ಸಮತಟ್ಟಾದ ಬೇಸಾಯದ ಭೂಮಿ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1916ನೆಯ ಇಸವಿ ಜುಲೈ 19ರ ಸಂಜೆ, ಇಲ್ಲಿ ಬೀಡುಬಿಟ್ಟಿದ್ದ ಜರ್ಮನ್ ಸೇನೆಯ ಮೇಲೆ ಆಸ್ಟ್ರೇಲಿಯ ಮತ್ತು ಬ್ರಿಟನ್ನಿನ ಪಡೆಗಳು ಏರಿಹೋದವು. ದಕ್ಷಿಣದಲ್ಲಿ ಸೊಮ್ ನದಿಯ ಬಳಿ ನಡೆಯುತ್ತಿದ್ದ ಘೋರ ಸಮರಕ್ಕೆ ಜರ್ಮನರು ಇಲ್ಲಿಂದ ಸೈನ್ಯವನ್ನು ಕಳುಹಿಸದಂತೆ ತಡೆಯುವುದು ಇದರ ಉದ್ದೇಶ. ಹಗಲು ಬೆಳಕಿನಲ್ಲಿ, ಬಟ್ಟಬಯಲಿನಲ್ಲಿ, ಮೆಷಿನ್‌ಗನ್ನುಗಳಿಗೆ ಎದೆಯೊಡ್ಡಿ ಮಾಡಿದ ಈ ದಾಳಿ ಮರುದಿನ ಬೆಳಗಿನ ಹೊತ್ತಿಗೆ ವಿಫಲವಾಗಿತ್ತು. ಆಸ್ಟ್ರೇಲಿಯದವರಲ್ಲಿಯೇ 5,533 ಮಂದಿ ಮಡಿದಿದ್ದರು, ಗಾಯಗೊಂಡಿದ್ದರು, ಇಲ್ಲವೆ ಸೆರೆಯಾಗಿದ್ದರು.

ಎರಡು ಸೇನೆಗಳ ನಡುವಣ ಬಯಲಿನಲ್ಲಿ ಬಿದ್ದವರ ಪೈಕಿ ಅನೇಕರ ಅವಶೇಷಗಳು ಯುದ್ಧ ಮುಗಿದ ಮೇಲೆಯೇ ದೊರೆತವು. ಹಾಗೆ ದೊರೆತ 410 ಮಂದಿಯನ್ನು ಒಂದು ಸ್ಮಶಾನದಲ್ಲಿ ಹೂಳಲಾಯಿತು. ಅವರಲ್ಲಿ ಒಬ್ಬನ ಗುರುತೂ ಸಿಗಲಿಲ್ಲ. ಜರ್ಮನ್ ಕಂದಕಗಳೊಳಕ್ಕೆ ನುಗ್ಗಿ ಅಲ್ಲಿಯೇ ಮಡಿದವರಲ್ಲಿ ಎಷ್ಟೋ ಜನ ಏನಾದರೆಂಬುದು ಒಗಟಾಗಿಯೇ ಉಳಿಯಿತು.

ಈ ಒಗಟನ್ನು ಬಿಡಿಸಲು ಹೊರಟವರು ಲ್ಯಾಂಬಿಸ್ ಎಂಗ್ಲೆಜೊಸ್ ಎಂಬ ಮೆಲ್ಬೋರ್ನ್ ನಗರದ ಶಾಲಾ ಶಿಕ್ಷಕರು. ಕಾಣೆಯಾದವರ ಪಟ್ಟಿಯನ್ನೂ ದೊರೆತ ಶವಗಳ ಲೆಕ್ಕವನ್ನೂ ಅವರು ಎದುರುಬದುರಾಗಿ ಇಟ್ಟು ನೋಡಿದರು. ಲೆಕ್ಕ ಹೊಂದಲಿಲ್ಲ. ಹಾಜರಿ ಪುಸ್ತಕವನ್ನು ನೋಡಿ ಪಳಗಿದ ಕಣ್ಣಿಗೆ ಬಾರದವರ ಹೆಸರು ಮೊದಲು ಬೀಳುವುದು ಸಹಜವಷ್ಟೆ! ಮಡಿದ ಶತ್ರುಗಳನ್ನು ಜರ್ಮನರು ಹೂಳಿದ್ದರೆಂಬುದಕ್ಕೆ ರೆಡ್‌ಕ್ರಾಸ್ ಸಂಸ್ಥೆಯ ಕಡತಗಳಲ್ಲಿ ಸುಳಿವುಗಳಿದ್ದವು. ಹಳ್ಳಿಯ ಪಕ್ಕದ ತೋಪಿನ ಅಂಚಿನಲ್ಲಿ ಸಾಲುಗುಂಡಿಗಳಿದ್ದುದು ಯುದ್ಧಕಾಲದಲ್ಲಿ ವಿಮಾನದಿಂದ ತೆಗೆದ ಚಿತ್ರಗಳಲ್ಲಿ ಕಾಣುತ್ತಿತ್ತು. ಅಧಿಕಾರಿಗಳು ಮೊದಮೊದಲು ಇದನ್ನು ಒಪ್ಪಲಿಲ್ಲ. ಯುದ್ಧಾನಂತರದ ಶೋಧಕರು ಆ ಶವಗಳನ್ನು ಹೊರತೆಗೆದಿರಬೇಕೆಂದೇ ಅವರ ವಾದ. ಎಂಗ್ಲೆಜೊಸ್ ಪಟ್ಟು ಬಿಡಲಿಲ್ಲ.

2007ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಪುರಾತತ್ತ್ವಜ್ಞರು ಆ ಸ್ಥಳವನ್ನು ಉಪಕರಣಗಳಿಂದ ಪರೀಕ್ಷಿಸಿದರು. ಮೇಲ್ಮಣ್ಣಿನಲ್ಲಿ ಒಂದು ಸಣ್ಣ ಪದಕ ದೊರೆಯಿತು. ಆಸ್ಟ್ರೇಲಿಯದ ಆಲ್ಬರ್ಟನ್ ಎಂಬ ಗ್ರಾಮೀಣ ಪ್ರದೇಶದವರು ಯುದ್ಧಕ್ಕೆ ಹೊರಟ ತಮ್ಮ ಯುವಕರಿಗೆ ನೀಡಿದ್ದ ಪದಕವದು. ಅಷ್ಟು ದೂರದ ವಸ್ತು ಫ್ರಾನ್ಸಿನ ಹೊಲಕ್ಕೆ ತಾನಾಗಿ ಬಂದೀತೆ? ಮರುವರ್ಷ ಪರೀಕ್ಷಾರ್ಥವಾಗಿ ಅಗೆದಾಗ ಅಸ್ಥಿಗಳು ಕಂಡವು. 2009ರ ಉತ್ಖನನದಲ್ಲಿ 250 ಸೈನಿಕರ ಅವಶೇಷಗಳನ್ನು ಒಂದೊಂದಾಗಿ, ಬೆರೆಯದಂತೆ, ಹೊರತೆಗೆಯಲಾಯಿತು. ಇಂಥ ಕೆಲಸದಲ್ಲಿ ಅವಸರ ಸಲ್ಲದು. ಗುದ್ದಲಿಗಿಂತ ಕುಂಚಕ್ಕೇ ಹೆಚ್ಚು ಕೆಲಸ. ಗುಂಡಿ, ಬಕಲು, ಬೂಟುಗಳ ಜೊತೆಗೆ ರೈಲು ಟಿಕೆಟ್ಟೊಂದು ದೊರೆಯಿತು. ಪಶ್ಚಿಮ ಆಸ್ಟ್ರೇಲಿಯದ ಫ್ರಿಮ್ಯಾಂಟಲ್ ಬಂದರಿನಿಂದ ಪರ್ತ್ ನಗರಕ್ಕೆ ಮರಳುವ ಟಿಕೆಟ್ಟು! ಹಡಗು ಹತ್ತಿದವನು ಅದನ್ನು ಎಸೆಯದೆ ಜೋಪಾನವಾಗಿ ಮಡಿಚಿಟ್ಟುಕೊಂಡಿದ್ದ.

ಅಸ್ಥಿಗೆ ಹೆಸರು ಕೊಡುವುದು ಇನ್ನೂ ಕಠಿಣ. ಮೂಳೆ ಮತ್ತು ಹಲ್ಲುಗಳಿಂದ ಡಿಎನ್‌ಎ ಎಂಬ ವಂಶವಾಹಿ ದ್ರವ್ಯವನ್ನು ತೆಗೆದು ಇಂದಿನ ಬಂಧುಗಳದರೊಂದಿಗೆ ಹೋಲಿಸಬೇಕು. ಮಡಿದವರಲ್ಲಿ ಎಷ್ಟೋ ಮಂದಿ ಅವಿವಾಹಿತ ತರುಣರು, ಅವರಿಗೆ ಮಕ್ಕಳಿಲ್ಲ. ಆದುದರಿಂದ ತಂದೆಯ ಕಡೆಯ ಗಂಡುಸಂತತಿಯನ್ನೂ ತಾಯಿಯ ಕಡೆಯ ಹೆಣ್ಣುಸಂತತಿಯನ್ನೂ ತಲೆಮಾರುಗಳಾಚೆ ಹುಡುಕಬೇಕಾಯಿತು. 2010ರ ಮಾರ್ಚ್‌ನಲ್ಲಿ ಮೊದಲ 75 ಹೆಸರುಗಳು ಹೊರಬಂದವು. ಮುಂದೆ ಆ ಸಂಖ್ಯೆ 150ನ್ನು ದಾಟಿತು. ಸತ್ತವರ ನಿದ್ದೆಯನ್ನು ಏಕೆ ಕೆಡಿಸಬೇಕೆಂದು ಕೇಳುವವರುಂಟು. ಮಗನ ಗೋರಿ ಎಲ್ಲಿದೆಯೆಂದು ತಿಳಿಯದೆಯೇ ಕಣ್ಣು ಮುಚ್ಚಿದ ತಾಯಂದಿರನ್ನು ನೆನೆದರೆ ಆ ಪ್ರಶ್ನೆ ನನಗೆ ಹಗುರವಾಗಿ ತೋರುತ್ತದೆ.

ಅವರಿಗಾಗಿ ಹಳ್ಳಿಯಲ್ಲಿಯೇ ಹೊಸ ಸ್ಮಶಾನವೊಂದನ್ನು ನಿರ್ಮಿಸಿ, ಕೊನೆಯ ಸೈನಿಕನನ್ನು ಕದನದ ದಿನವೇ, 2010ರ ಜುಲೈ 19ರಂದು, ಸೇನಾಗೌರವದೊಡನೆ ಮಣ್ಣು ಮಾಡಿದರು. ಅಲ್ಲಿಗೆ ಸಮೀಪದಲ್ಲಿ ನವ್ ಶಪೆಲ್ ಎಂಬ ಇನ್ನೊಂದು ಹಳ್ಳಿಯಿದೆ. 1915ರ ಮಾರ್ಚ್‌ನಲ್ಲಿ ಭಾರತೀಯ ಸೈನಿಕರು ಅಲ್ಲಿ ಕಾದಿದ್ದರು. 1927ರಲ್ಲಿ ಉದ್ಘಾಟಿತವಾದ ಅಲ್ಲಿಯ ಸ್ಮಾರಕದ ಗೋಡೆಗಳಲ್ಲಿ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳನ್ನು ಕೆತ್ತಲಾಗಿದೆ. ಅವರ ಸಮಾಧಿಗಳು ಎಲ್ಲಿವೆಯೆಂದು ತಿಳಿದಿಲ್ಲ.