ಒಳಗೆ ಹೋಗುವ ಕಾಗದ, ಹೊರಗೆ ಬರುವ ದಾರಿ

ಬಳ್ಳಾರಿಯಲ್ಲಿ ಕೂತು ಪಾಸ್‌ಪೋರ್ಟ್, ವೀಸಾ, ಅಪೋಸ್ಟಿಲ್ ಅಂತ ಹೊರದೇಶದ ಕಾಗದಪತ್ರ ಮಾಡಿಸಿಕೊಡುವುದು ನನ್ನ ಕೆಲಸ. ಸಿರುಗುಪ್ಪದ ಭತ್ತದ ರೈತರು, ಕುರುಗೋಡಿನ ಮೆಣಸಿನಕಾಯಿ ಬೆಳೆಗಾರರು, ನಗರದಲ್ಲಿ ಜೀನ್ಸ್ ಹೊಲಿಯುವ ಮನೆಗಳವರು, ಎಲ್ಲರೂ ಮಗನೋ ಮಗಳೋ ಡಾಕ್ಟರಾಗಲಿ ಅಂತ ಬರುತ್ತಾರೆ. ಕೆಲವರು ದುಡಿಮೆಗೆಂದು ಬರುತ್ತಾರೆ. ರಷ್ಯಾ ದಾಳಿ ಮಾಡಿದ 2022ರ ಫೆಬ್ರುವರಿ 24ರಂದೇ ಉಕ್ರೇನ್ ಮಾರ್ಷಲ್ ಲಾ, ಅಂದರೆ ಸೇನಾ ಕಾನೂನು, ಹೇರಿತು. ಅಂದಿನಿಂದ ಅಲ್ಲಿನ ಸಂಸತ್ತು ಅದನ್ನು ಮತ್ತೆ ಮತ್ತೆ ಮುಂದುವರಿಸುತ್ತಲೇ ಬಂದಿದೆ. ಅಲ್ಲಿ ಓದು ಅರ್ಧಕ್ಕೆ ಬಿಟ್ಟು ಬಂದ ಮಕ್ಕಳು ವಾಪಸ್ ಹೋಗಬಹುದೇ, ಹೋಗುವುದಾದರೆ ಏನೇನು ಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಕಲಿತದ್ದು ಇದು.

1. ಎಂಥ ಮಾರ್ಷಲ್ ಲಾ ಅಂತ ಮೊದಲು ತಿಳಿದುಕೊಳ್ಳಿ

ಟಿವಿಯಲ್ಲಿ ಆ ಎರಡು ಶಬ್ದ ಕಂಡ ಕೂಡಲೇ ಟಿಕೆಟ್ ರದ್ದು ಮಾಡಿಸಲು ಓಡಿಬರುವವರಿದ್ದಾರೆ. ದಕ್ಷಿಣ ಕೊರಿಯಾದಲ್ಲಿ 2024ರ ಡಿಸೆಂಬರ್ 3ರ ರಾತ್ರಿ ಮಾರ್ಷಲ್ ಲಾ ಘೋಷಣೆಯಾದಾಗ ನಮ್ಮಲ್ಲಿ ಸಂಜೆ ಏಳರ ಹೊತ್ತು. ನಾವು ಬೆಳಗ್ಗೆ ಏಳುವಷ್ಟರಲ್ಲಿ ಅದು ಮುಗಿದೇ ಹೋಗಿತ್ತು. ಫಿಲಿಪ್ಪೀನ್ಸ್‌ನ ಮಿಂಡನಾವ್ ದ್ವೀಪದಲ್ಲಿ 2017ರ ಮೇ 23ರಿಂದ 2019ರ ಕೊನೆಯವರೆಗೆ ಮಾರ್ಷಲ್ ಲಾ ಇತ್ತು. ಭಾರತದ ಎಷ್ಟೋ ವಿದ್ಯಾರ್ಥಿಗಳು ಎಂಬಿಬಿಎಸ್ ಓದುವ ದಾವಾವ್ ನಗರ ಇರುವುದು ಅದೇ ದ್ವೀಪದಲ್ಲಿ. ವಿಮಾನ ಹಾರುತ್ತಿದ್ದವು, ತರಗತಿ ನಡೆಯುತ್ತಿದ್ದವು. ಚೆಕ್‌ಪೋಸ್ಟ್‌ನಲ್ಲಿ ಗುರುತಿನ ಚೀಟಿ ತೋರಿಸಬೇಕಿತ್ತು, ಅಷ್ಟೆ. ಉಕ್ರೇನ್‌ನ ಮಾತೇ ಬೇರೆ. ಅಲ್ಲಿ ಆಕಾಶವೇ ಮುಚ್ಚಿದೆ, ಪ್ರಯಾಣಿಕರ ವಿಮಾನ ಒಂದೂ ಇಳಿಯುವುದಿಲ್ಲ.

ಹಾಗಾಗಿ ನಾನು ಕೇಳುವುದು ಮೂರು. ವಿಮಾನ ನಿಲ್ದಾಣ ತೆರೆದಿದೆಯೇ? ಕರ್ಫ್ಯೂ ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿಗೆ? ನಮ್ಮ ರಾಯಭಾರ ಕಚೇರಿ ಅದೇ ದೇಶದಲ್ಲಿ ಬಾಗಿಲು ತೆರೆದಿದೆಯೇ? ಕೀವ್‌ನಲ್ಲಿದ್ದ ನಮ್ಮ ಕಚೇರಿ 2022ರ ಮಾರ್ಚ್‌ನಲ್ಲಿ ಪೋಲೆಂಡಿನ ವಾರ್ಸಾಗೆ ಹೋಗಿ, ಮೇ 17ಕ್ಕೆ ಮರಳಿತು. ನಡುವಿನ ದಿನಗಳಲ್ಲಿ ಪಾಸ್‌ಪೋರ್ಟ್ ಕಳೆದುಕೊಂಡವನ ಪಾಡು ಏನಾಗಬಹುದಿತ್ತು ಎಂದು ಯೋಚಿಸಿ.

2. ಪಕ್ಕದ ದೇಶದ ವೀಸಾ ಮೊದಲು

ಆಕಾಶ ಮುಚ್ಚಿದ ದೇಶಕ್ಕೆ ನೆಲದ ಮೇಲೆಯೇ ಹೋಗಬೇಕು. ಪ್ರಧಾನಿ ಮೋದಿ 2024ರ ಆಗಸ್ಟ್ 23ರಂದು ಕೀವ್‌ಗೆ ಹೋದದ್ದೂ ಪೋಲೆಂಡಿನಿಂದ ರಾತ್ರಿಯಿಡೀ ರೈಲಿನಲ್ಲಿ. ಅವರಿಗಿಲ್ಲದ ವಿಮಾನ ನಮ್ಮ ಹುಡುಗರಿಗೆ ಎಲ್ಲಿಂದ ಬರಬೇಕು?

ಪೋಲೆಂಡ್, ಹಂಗೇರಿ, ಸ್ಲೊವಾಕಿಯಾ ಇವೆಲ್ಲ ಷೆಂಗೆನ್ ದೇಶಗಳು. 2025ರ ಜನವರಿ 1ರಿಂದ ರೊಮೇನಿಯಾದ ನೆಲದ ಗಡಿಯೂ ಆ ವ್ಯವಸ್ಥೆಗೆ ಸೇರಿದೆ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಅಲ್ಲಿ ಕಾಲಿಡಲು ವೀಸಾ ಬೇಕೇ ಬೇಕು. ಹೆಚ್ಚಿನವರು ಎಡವುವುದು ಇಲ್ಲಿ: ಒಂದೇ ಪ್ರವೇಶದ ವೀಸಾ ತೆಗೆದುಕೊಳ್ಳುತ್ತಾರೆ. ಪೋಲೆಂಡ್ ದಾಟಿ ಉಕ್ರೇನ್ ಸೇರಿದ ಕ್ಷಣಕ್ಕೆ ಅದು ತೀರಿತು. ನಾಳೆ ಪರಿಸ್ಥಿತಿ ಕೆಟ್ಟು ಓಡಿಬರಬೇಕಾದರೆ ಗಡಿಯಲ್ಲಿ ಕೈಯಲ್ಲೇನೂ ಇರುವುದಿಲ್ಲ. ಕನಿಷ್ಠ ಎರಡು ಪ್ರವೇಶದ ವೀಸಾಕ್ಕೆ ಅರ್ಜಿ ಹಾಕಿ, ಅದರ ಅವಧಿಯನ್ನು ವಾಪಸ್ ಬರುವ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿ. 2022ರಲ್ಲಿ ವೀಸಾ ಇಲ್ಲದೆಯೇ ನಮ್ಮವರನ್ನು ಗಡಿ ದಾಟಿಸಿಕೊಂಡರಲ್ಲ ಎನ್ನುವವರಿಗೆ ನನ್ನ ಉತ್ತರ: ಅದು ಆ ಹೊತ್ತಿನ ಔದಾರ್ಯ, ನಿಯಮವಲ್ಲ.

ಇನ್ನೊಂದು ಕಿವಿಮಾತು. ರಷ್ಯಾ ವಶದಲ್ಲಿರುವ ಕ್ರಿಮಿಯಾದಲ್ಲೂ ಮೆಡಿಕಲ್ ಸೀಟು ಕೊಡಿಸುತ್ತೇವೆ ಎನ್ನುವ ಏಜೆಂಟರಿದ್ದಾರೆ. ರಷ್ಯಾದ ಕಡೆಯಿಂದ ಕ್ರಿಮಿಯಾಕ್ಕೆ ಹೋಗುವುದು ಉಕ್ರೇನ್ ಕಾನೂನಿನಲ್ಲಿ ಅಕ್ರಮ ಪ್ರವೇಶ. ಮುಂದೆ ಉಕ್ರೇನ್‌ನ ಬಾಗಿಲು ಮುಚ್ಚಬಹುದು.

3. ಕಾಲೇಜಿನ ವಾಟ್ಸ್ಆ್ಯಪ್‌ಗಿಂತ ರಾಯಭಾರ ಕಚೇರಿಯ ಸೂಚನೆ ದೊಡ್ಡದು

ಕೀವ್‌ನ ನಮ್ಮ ಕಚೇರಿ 2022ರ ಫೆಬ್ರುವರಿ 15ರಂದೇ, ಇರಲೇಬೇಕೆಂಬ ಅನಿವಾರ್ಯತೆ ಇಲ್ಲದ ವಿದ್ಯಾರ್ಥಿಗಳು ತಾತ್ಕಾಲಿಕವಾಗಿ ಹೊರಡುವುದು ಒಳಿತು ಎಂದಿತ್ತು. 20ರಂದು ಮತ್ತೆ ಹೇಳಿತು. 22ರಂದು, ಆನ್‌ಲೈನ್ ತರಗತಿ ಬಗ್ಗೆ ಕಾಲೇಜು ಖಚಿತಪಡಿಸಲಿ ಅಂತ ಕಾಯಬೇಡಿ ಎಂದೂ ಹೇಳಿತು. ಹಾಜರಿ ಹೋಗುತ್ತದೆಂಬ ಭಯಕ್ಕೆ ಬಹಳ ಮಕ್ಕಳು ಕಾದರು. ಎರಡು ದಿನಕ್ಕೆ ಯುದ್ಧ ಶುರುವಾಯಿತು. ಆಮೇಲೆ ಆಪರೇಷನ್ ಗಂಗಾದಲ್ಲಿ 90 ವಿಮಾನಗಳು ಸಾವಿರಾರು ಜನರನ್ನು ಹೊತ್ತು ತರಬೇಕಾಯಿತು. ಅದೇ ವರ್ಷದ ಅಕ್ಟೋಬರ್ 19 ಮತ್ತು 25ರಂದು, ಮರಳಿ ಹೋಗಿದ್ದವರಿಗೂ ಸೇರಿ, ಕೂಡಲೇ ಉಕ್ರೇನ್ ಬಿಡಿ ಎಂಬ ಸೂಚನೆ ಬಂತು.

ಸಿರುಗುಪ್ಪ ಕಡೆಯ ತಂದೆಯೊಬ್ಬರು ಮಗನ ಕಾಲೇಜಿನಿಂದ ಬಂದ ಸಂದೇಶವನ್ನು ಫೋನಿನಲ್ಲಿ ತೋರಿಸಿ, "ಏನೂ ಆಗಲ್ಲ ಅಂತ ಬರ್ದಾರಲ್ರೀ ಸಾರ್" ಅಂದರು. "ಯಜಮಾನ್ರೇ, ಫೀಸು ಯಾರಿಗೆ ಹೋಗ್ತದೆ?" ಅಂತ ಕೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ.

ನನ್ನ ನಿಲುವು ಬಿಚ್ಚಿ ಹೇಳುತ್ತೇನೆ. ಕೊನೆಯ ವರ್ಷ ಬಾಕಿ ಉಳಿದವನ ಲೆಕ್ಕ ಬೇರೆ, ಅವನಿಗೆ ಕಳೆದುಕೊಳ್ಳುವುದು ಬಹಳಿದೆ. ಹೊಸದಾಗಿ ಮೊದಲ ವರ್ಷಕ್ಕೆ ಸೇರುವವರನ್ನು ನಾನು ಕಳಿಸುವುದಿಲ್ಲ. ಭಾರತದ 2021ರ ನವೆಂಬರ್‌ನ ನಿಯಮದ ಪ್ರಕಾರ ಹೊರದೇಶದ ವೈದ್ಯಕೀಯ ಓದು ಕನಿಷ್ಠ 54 ತಿಂಗಳು, ಅದರ ಮೇಲೆ 12 ತಿಂಗಳ ಇಂಟರ್ನ್‌ಶಿಪ್, ಎಲ್ಲವೂ ಒಂದೇ ಸಂಸ್ಥೆಯಲ್ಲಿ ಆಗಬೇಕು. ಸೈರನ್ ಕೂಗುವ ಊರಿನಲ್ಲಿ ಅಷ್ಟು ವರ್ಷ ಒಂದೇ ಕಡೆ ಓದು ಮುಗಿಯುತ್ತದೆ ಅಂತ ಯಾರು ಬರೆದುಕೊಡುತ್ತಾರೆ?

4. ಹೆಸರು ಎಲ್ಲ ಕಡೆ ಒಂದೇ ಇರಲಿ

ನಮ್ಮ ಕಡೆಯ ದೊಡ್ಡ ತಲೆನೋವು ಇದೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಲ್ಲಿಕಾರ್ಜುನ ಕೆ.’, ಆಧಾರ್‌ನಲ್ಲಿ ‘ಕೆ. ಮಲ್ಲಿಕಾರ್ಜುನ’, ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್‌ಗೆ ಜಾಗವಿಲ್ಲದ್ದರಿಂದ ಅದನ್ನು ಬಿಡಿಸಿ ಅಪ್ಪನ ಹೆಸರು. ಆಂಧ್ರದ ಆದೋನಿ ಕಡೆ ಸಂಬಂಧ ಇರುವ ಮನೆಗಳಲ್ಲಿ ಮನೆತನದ ಹೆಸರು ಮುಂದಿರುತ್ತದೆ. ಶಾಂತವಾದ ದೇಶದಲ್ಲಿ ಇದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬಂದೂಕು ಹಿಡಿದವನು ಟಾರ್ಚ್ ಬಿಟ್ಟು ಎರಡು ಕಾಗದ ಹೋಲಿಸುವ ಕಡೆ ಒಂದಕ್ಷರ ಹೆಚ್ಚುಕಡಿಮೆಯಾದರೂ ಸರದಿಯಿಂದ ಪಕ್ಕಕ್ಕೆ ನಿಲ್ಲಿಸುತ್ತಾರೆ. ಅಂಕಪಟ್ಟಿಯ ತಿದ್ದುಪಡಿ ಶಾಲೆಯ ಮುಖ್ಯ ಶಿಕ್ಷಕರ ಮೂಲಕ ಹೋಗಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ಅದನ್ನು ಮುಗಿಸಿಕೊಂಡೇ ಪಾಸ್‌ಪೋರ್ಟ್‌ಗೆ ಕೈಹಾಕಿ.

ಮೂಲ ಅಂಕಪಟ್ಟಿಗಳನ್ನು ಎಷ್ಟೋ ಕಾಲೇಜುಗಳು ತಮ್ಮ ಬಳಿಯೇ ಇಟ್ಟುಕೊಳ್ಳುತ್ತವೆ. ಬಾಂಬು ಬಿದ್ದ ದಿನ ಆಫೀಸು ತೆಗೆದು ಕೊಡುವವರು ಯಾರೂ ಇರುವುದಿಲ್ಲ. ದೃಢೀಕರಿಸಿದ ಇನ್ನೊಂದು ಪ್ರತಿ ಊರಿನ ಬೀರುವಿನಲ್ಲಿರಲಿ.

5. ಬ್ಯಾಗು ಹೊತ್ತು ನಡೆದು ನೋಡಿ

2022ರ ಮಾರ್ಚ್ 2ರಂದು ಖಾರ್ಕಿವ್‌ನಲ್ಲಿದ್ದ ಭಾರತೀಯರಿಗೆ ಬಂದ ಸೂಚನೆ ಇದು: ಸಂಜೆ ಆರರೊಳಗೆ ಪೆಸೊಚಿನ್, ಬಾಬಾಯಿ ಅಥವಾ ಬೆಜ್ಲ್ಯುದೊವ್ಕಾ ತಲುಪಿ, ವಾಹನ ಸಿಗದಿದ್ದರೆ ನಡೆದಾದರೂ ಹೋಗಿ. ದೂರ 11, 12, 16 ಕಿಲೋಮೀಟರ್. ಹಿಂದಿನ ದಿನವಷ್ಟೇ ಹಾವೇರಿ ಜಿಲ್ಲೆ ಚಳಗೇರಿಯ ವಿದ್ಯಾರ್ಥಿ ಖಾರ್ಕಿವ್‌ನಲ್ಲೇ ದಿನಸಿ ತರಲು ಹೋದಾಗ ದಾಳಿಗೆ ಬಲಿಯಾಗಿದ್ದ.

16 ಕಿಲೋಮೀಟರ್ ಅಂದರೆ ಬಳ್ಳಾರಿಯಿಂದ ಕುರುಗೋಡಿಗೆ ಅರ್ಧ ದಾರಿ ದಾಟಿದಷ್ಟು. ಹೊರಡುವ ಹುಡುಗರಿಗೆ ಹೇಳುತ್ತೇನೆ: ತುಂಬಿದ ಬ್ಯಾಗು ಬೆನ್ನಿಗೇರಿಸಿ ಕುರುಗೋಡು ರಸ್ತೆಯಲ್ಲಿ ಅಷ್ಟು ದೂರ ನಡೆದು ಬನ್ನಿ. ಹೋಗಿ ಬಂದವರು ತಾವಾಗಿಯೇ ರೊಟ್ಟಿ ಡಬ್ಬ, ಕುಕ್ಕರು ತೆಗೆದಿಡುತ್ತಾರೆ. ಶೇಂಗಾ ಚಟ್ನಿಪುಡಿ ಮಾತ್ರ ಬಿಡುವುದಿಲ್ಲ, ಅದನ್ನು ನಾನೂ ಬಿಡಿಸಲು ಹೋಗಿಲ್ಲ. ಉಳಿಯಬೇಕಾದ್ದು ಪಾಸ್‌ಪೋರ್ಟ್, ವಾಸದ ಪರವಾನಗಿ, ಪವರ್ ಬ್ಯಾಂಕ್, ಔಷಧ, ಬೆಚ್ಚನೆಯ ಕಾಲುಚೀಲ, ಪಳಗಿದ ಬೂಟು. ಹೊಸ ಬೂಟು ಗುಳ್ಳೆ ಎಬ್ಬಿಸುತ್ತದೆ.

ಹಣ ನೋಟಿನಲ್ಲೂ ಇರಲಿ. ಯುದ್ಧದ ಮೊದಲ ದಿನವೇ ಅಲ್ಲಿನ ಕೇಂದ್ರ ಬ್ಯಾಂಕು ಖಾತೆಯಿಂದ ತೆಗೆಯುವ ಹಣಕ್ಕೆ ಮಿತಿ ಹೇರಿತು. ಭಾರತದಿಂದ ಹೊರಡುವಾಗ ಒಂದು ಪ್ರಯಾಣಕ್ಕೆ 3,000 ಡಾಲರ್‌ವರೆಗೆ ವಿದೇಶಿ ನೋಟು ಒಯ್ಯಬಹುದು. ಅಷ್ಟೂ ಬೇಡ, ಸಣ್ಣ ಸಣ್ಣ ನೋಟಿನಲ್ಲಿ ಒಂದಿಷ್ಟು ಸಾಕು.

6. ವಿಮೆಯ ಕೊನೆಯ ಪುಟ

ಸಾಮಾನ್ಯ ಪ್ರಯಾಣ ವಿಮೆಯಲ್ಲಿ ಯುದ್ಧದಿಂದಾದ ಗಾಯಕ್ಕೆ ಹಣ ಬರುವುದಿಲ್ಲ. ಹೊರತುಪಡಿಸಿದ ವಿಷಯಗಳ ಪಟ್ಟಿ ಓದಿಯೇ ಸಹಿ ಮಾಡಿ.

7. ರೀಲ್ಸ್ ಬೇಡ

ಸೈನಿಕರು, ಸೇತುವೆ, ಚೆಕ್‌ಪೋಸ್ಟ್, ಬಾಂಬು ಬಿದ್ದ ಜಾಗ ಯಾವುದನ್ನೂ ಚಿತ್ರೀಕರಿಸಬಾರದು. ಸೇನೆಯ ಓಡಾಟದ ಮಾಹಿತಿ ಹಂಚಿದರೆ ಉಕ್ರೇನ್‌ನಲ್ಲಿ ಜೈಲು. ಮನೆಯವರಿಗೆ ಧೈರ್ಯ ಹೇಳಲು ತೆಗೆದೆ ಎಂದರೆ ಯಾರೂ ಕೇಳುವುದಿಲ್ಲ.

8. ದುಡಿಯಲು ಹೋಗುವವರಿಗೆ ವಿಸಿಟ್ ವೀಸಾ ಕೊಡಿಸಿದರೆ ಅಲ್ಲೇ ನಿಲ್ಲಿ

ನಮ್ಮ ಕಲ್ಯಾಣ ಕರ್ನಾಟಕದ ಕಲಬುರಗಿ ಜಿಲ್ಲೆಯ ಯುವಕರು ಸೆಕ್ಯುರಿಟಿ ಕೆಲಸ ಅಂತ ನಂಬಿ ರಷ್ಯಾಕ್ಕೆ ಹೋದರು, ಯುದ್ಧಭೂಮಿಗೆ ತಳ್ಳಲ್ಪಟ್ಟರು, 2024ರ ಸೆಪ್ಟೆಂಬರ್‌ನಲ್ಲಿ ಜೀವ ಉಳಿಸಿಕೊಂಡು ಬಂದರು. ರಷ್ಯಾ ತಾನು ಹಿಡಿದ ಉಕ್ರೇನ್‌ನ ನಾಲ್ಕು ಪ್ರಾಂತ್ಯಗಳಲ್ಲಿ 2022ರ ಅಕ್ಟೋಬರ್‌ನಿಂದಲೇ ಮಾರ್ಷಲ್ ಲಾ ಹೇರಿದೆ. ಮ್ಯಾನ್ಮಾರ್‌ನಲ್ಲೂ 2021ರ ಫೆಬ್ರುವರಿ 1ರಂದು ಸೇನೆ ಅಧಿಕಾರ ಹಿಡಿದ ಮೇಲೆ ಹಲವು ಪಟ್ಟಣಗಳು ಮಾರ್ಷಲ್ ಲಾ ಕಂಡವು. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸ ಅಂತ ಕರೆದು, ಗಡಿ ದಾಟಿಸಿ ಮ್ಯಾನ್ಮಾರ್‌ನ ಸೈಬರ್ ವಂಚನೆಯ ಅಡ್ಡೆಗಳಲ್ಲಿ ಕೂಡಿಹಾಕಿದ್ದ 549 ಭಾರತೀಯರನ್ನು 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳು ಕರೆತಂದವು.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಇಸಿಆರ್ ವರ್ಗದ್ದು. 18 ದೇಶಗಳಿಗೆ ದುಡಿಯಲು ಹೋಗಲು ಅವರಿಗೆ ಸರ್ಕಾರದ ವಲಸೆ ಅನುಮತಿ ಬೇಕು. ಸುಡಾನ್, ಲಿಬಿಯಾ, ಯೆಮನ್, ಥಾಯ್ಲೆಂಡ್ ಆ ಪಟ್ಟಿಯಲ್ಲಿವೆ. ರಷ್ಯಾ, ಮ್ಯಾನ್ಮಾರ್ ಇಲ್ಲ. ಅಂದರೆ ಅಲ್ಲಿಗೆ ಹೋಗುವಾಗ ತಡೆದು ಕೇಳುವ ಕಚೇರಿಯೇ ಇಲ್ಲ. ಕೆಲಸಕ್ಕೆಂದು ಕರೆಯುವವನು ವಿಸಿಟ್ ವೀಸಾ ಅಲ್ಲ, ಕೆಲಸದ ವೀಸಾವನ್ನೇ ಕೊಡಿಸಬೇಕು. ಏಜೆಂಟನ ನೋಂದಣಿ ಸಂಖ್ಯೆಯನ್ನು ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೀವೇ ಹುಡುಕಿ. ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕಬೇಡಿ.

9. ಹಳದಿ ಜ್ವರದ ಲಸಿಕೆ

ಸುಡಾನ್‌ನಲ್ಲಿ 2023ರ ಏಪ್ರಿಲ್ 15ರಂದು ಕಾಳಗ ಶುರುವಾದಾಗ ನಮ್ಮ ಹಕ್ಕಿಪಿಕ್ಕಿ ಸಮುದಾಯದವರು ಅಲ್ಲಿ ಸಿಕ್ಕಿಬಿದ್ದಿದ್ದರು. ಆಪರೇಷನ್ ಕಾವೇರಿ 3,862 ಜನರನ್ನು ತಂದಿತು. ಹಳದಿ ಜ್ವರದ ಲಸಿಕೆ ಪತ್ರ ಇಲ್ಲದ ಕೆಲವರನ್ನು ಊರಿಗೆ ಬಿಡದೆ ಕ್ವಾರಂಟೈನ್‌ನಲ್ಲಿ ಇಡಲಾಯಿತು. ಲಸಿಕೆ ಸಿಗುವುದು ನಿಗದಿತ ಕೇಂದ್ರಗಳಲ್ಲಿ ಮಾತ್ರ, ಪ್ರಯಾಣಕ್ಕೆ 10 ದಿನ ಮೊದಲೇ ಆಗಬೇಕು. ಒಮ್ಮೆ ಹಾಕಿಸಿದರೆ ಪತ್ರ ಆಜೀವ ನಡೆಯುತ್ತದೆ.

10. ಮನೆಯಲ್ಲಿ ಉಳಿಯುವವರ ಲಕೋಟೆ

ಮಗನ ಪಾಸ್‌ಪೋರ್ಟ್ ಮತ್ತು ವೀಸಾದ ಝೆರಾಕ್ಸ್, ಹಾಸ್ಟೆಲ್ ವಿಳಾಸ ಅಲ್ಲಿನ ಲಿಪಿಯಲ್ಲಿ, ಜೊತೆಗಿರುವ ಇಬ್ಬರು ಗೆಳೆಯರ ನಂಬರು, ರಾಯಭಾರ ಕಚೇರಿಯಲ್ಲಿ ನೋಂದಾಯಿಸಿದ ದಾಖಲೆ, ರಕ್ತದ ಗುಂಪು. ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್‌ನಲ್ಲಿ ದೂರು ಹಾಕಲು, ಜಿಲ್ಲಾಧಿಕಾರಿ ಕಚೇರಿಗೆ ಕೊಡಲು ಇವು ಬೇಕು. ಮಗನ ಫೋನು ಹತ್ತದಿದ್ದಾಗ ಈ ವಿವರ ಕೇಳಲು ಮನೆಯವರಿಗೆ ಬೇರೆ ಯಾರೂ ಇರುವುದಿಲ್ಲ. ಲಕೋಟೆ ಎಲ್ಲಿದೆ ಅನ್ನುವುದು ಅಪ್ಪನಿಗಷ್ಟೇ ಅಲ್ಲ, ಅಮ್ಮನಿಗೂ ಗೊತ್ತಿರಲಿ. ಅಪ್ಪ ಗದ್ದೆಯಲ್ಲಿರುವ ಹೊತ್ತಿಗೇ ಫೋನು ಬರಬಹುದು.