ಜ್ವರ ಬಿಟ್ಟೊಡನೆ ಕಣಕ್ಕಿಳಿಯದಿರಿ

ಎಮ್ಮಿಗನೂರು, ಆದವಾನಿ ಸೀಮೆಯ ತರುಣರೇ, ಟೈಫಾಯಿಡ್ಡೋ ಡೆಂಗಿಯೋ ಬಂದು ಹಾಸಿಗೆ ಹಿಡಿದೆದ್ದವನು, ಮೈಬಿಸಿ ಇಳಿದ ಮಾತ್ರಕ್ಕೆ ತಾನು ಪೂರ್ಣ ಗುಣ ಹೊಂದಿದೆನೆಂದು ಭ್ರಮಿಸಿ, ನೀಲಕಂಠೇಶ್ವರನ ಜಾತ್ರೆ ಸಮೀಪಿಸಿತೆಂಬ ಉತ್ಸಾಹದಲ್ಲಿ ಕಬಡ್ಡಿಯ ಅಂಕಣಕ್ಕೆ ಧುಮುಕುವುದು ಪದೇ ಪದೇ ಕಾಣುವ ತಪ್ಪು. ಜ್ವರ ಬಿಡುವುದು ಬೇರೆ, ಬಲ ಮರಳುವುದು ಬೇರೆ.

ಕ್ರಿಕೆಟ್ ಆಟಗಾರ ಯುವರಾಜ ಸಿಂಗರನ್ನು ನೆನೆಯಿರಿ. 2011ರ ವಿಶ್ವಕಪ್ಪಿನಲ್ಲಿ ಸರಣಿಶ್ರೇಷ್ಠರೆನಿಸಿದ್ದ ಅವರು, ಶ್ವಾಸಕೋಶಗಳ ನಡುವೆ ಬೆಳೆದ ಕ್ಯಾನ್ಸರ್ ಗಡ್ಡೆಗೆ ಅಮೆರಿಕದಲ್ಲಿ ಪಡೆಯುತ್ತಿದ್ದ ಕಿಮೊಥೆರಪಿಯನ್ನು 2012ರ ಮಾರ್ಚಿನಲ್ಲಿ ಮುಗಿಸಿದರೂ ಕೂಡಲೇ ಬ್ಯಾಟು ಹಿಡಿದು ಪಂದ್ಯಕ್ಕೆ ಬರಲಿಲ್ಲ. ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ದೇಹವನ್ನು ಮರಳಿ ಪಳಗಿಸಿ, ಸೆಪ್ಟೆಂಬರ್ 11ರಂದು ಚೆನ್ನೈಯಲ್ಲಿ ನ್ಯೂಜಿಲೆಂಡಿನ ಎದುರು ಆಡಿ 34 ರನ್ನು ಗಳಿಸಿದರು. ನುರಿತ ವೈದ್ಯರೂ ತರಬೇತುದಾರರೂ ಬೆನ್ನಿಗಿದ್ದವರಿಗೇ ಅಷ್ಟು ತಿಂಗಳು ಬೇಕಾದವು. ಅದನ್ನೂ ನಾನು ಶೀಘ್ರವೆಂದೇ ಎಣಿಸುತ್ತೇನೆ.

ನಿಮ್ಮ ಮೈ ಆಟಕ್ಕೆ ಅಣಿಯಾಗಿದೆಯೇ ಎಂದರಿಯಲು, ಬೆಳಿಗ್ಗೆ ಎಚ್ಚರವಾದೊಡನೆ, ಮಲಗಿದಲ್ಲಿಯೇ, ಎರಡು ಬೆರಳನ್ನು ಮಣಿಕಟ್ಟಿನ ಮೇಲಿಟ್ಟು ಒಂದು ನಿಮಿಷ ನಾಡಿಯನ್ನೆಣಿಸಿರಿ. ಎಂದಿಗಿಂತ ಹೆಚ್ಚು ಬಡಿಯುತ್ತಿದ್ದರೆ ಅಂದು ಓಟ ಬೇಡ, ನಿಧಾನದ ನಡಿಗೆ ಸಾಕು. ಎದೆನೋವಾಗಲಿ ತಲೆಸುತ್ತಾಗಲಿ ಕಂಡರೆ ಒಡನೆ ವೈದ್ಯರ ಬಳಿ ಹೋಗಿರಿ, ಏಕೆಂದರೆ ಕೆಲವು ವೈರಸ್ ಜ್ವರಗಳು ಹೃದಯದ ಸ್ನಾಯುವಿಗೂ ಉರಿಯೂತವನ್ನು ತರಬಲ್ಲವು. ಕ್ಷಯಕ್ಕೆ ಔಷಧಿ ಸೇವಿಸುತ್ತಿರುವವರಂತೂ, ಕೆಮ್ಮು ನಿಂತಿತೆಂದುಕೊಂಡು, ವೈದ್ಯರು ಹೇಳಿದ ಅವಧಿಗೆ ಮೊದಲೇ ಗುಳಿಗೆಗಳನ್ನು ಬಿಡಲೇಬಾರದು.

ತಂಡದ ಹಿರಿಯರೇ, ಆಟಕ್ಕೆ ಒಬ್ಬ ಕಡಿಮೆ ಬಿದ್ದನೆಂದು, ಇನ್ನೂ ಗಂಜಿಯುಣ್ಣುತ್ತಿರುವ ಹುಡುಗನ ಮನೆಬಾಗಿಲಿಗೆ ಹೋಗಿ ಕರೆಯದಿರಿ. ನೀವು ಕರೆದರೆ ಅವನು ಇಲ್ಲವೆನ್ನಲಾರನು.