ವಾಹನದ ಗಣಕ ನೀಡುವ ದೋಷಸಂಕೇತ: ಅದನ್ನು ಓದುವ ಬಗೆ

ಮುಂಬಯಿಯ ಗ್ರಾಂಟ್ ರೋಡ್ ರೈಲು ನಿಲ್ದಾಣದ ಪೂರ್ವಕ್ಕಿರುವ ಲ್ಯಾಮಿಂಗ್ಟನ್ ರಸ್ತೆಯು ವಿದ್ಯುನ್ಮಾನ ಸಾಮಗ್ರಿಗಳ ಮಾರುಕಟ್ಟೆಯೆಂದು ಪ್ರಸಿದ್ಧವಾಗಿದೆ. ಅದಕ್ಕೆ ಸಮೀಪದ ತಾರ್‌ದೇವ್ ಸಾರಿಗೆ ಕಚೇರಿಯಲ್ಲಿ 2003ರ ಅಕ್ಟೋಬರ್‌ನಲ್ಲಿ ನಗರದ ಕೊನೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ನೋಂದಣಿಯಾಯಿತು; 20 ವರ್ಷಗಳ ಮಿತಿ ಮುಗಿದು 2023ರ ಅಕ್ಟೋಬರ್‌ನಲ್ಲಿ ಅದು ಸೇವೆಯಿಂದ ನಿವೃತ್ತವಾಯಿತು. ಕಾರ್ಬ್ಯುರೇಟರ್ ಹೊಂದಿದ್ದ ಆ ವಾಹನದ ತೊಂದರೆಯನ್ನು ಮೆಕ್ಯಾನಿಕ್ಕನು ಇಂಜಿನ್ನಿನ ಸದ್ದಿನಿಂದಲೂ ಹೊಗೆಯ ಬಣ್ಣದಿಂದಲೂ ಅರಿಯುತ್ತಿದ್ದನು. ಅದರ ಸ್ಥಾನಕ್ಕೆ ಬಂದಿರುವ ಕಾರುಗಳಲ್ಲಿ ಈ ಕೆಲಸದ ಒಂದು ಪಾಲನ್ನು ವಾಹನದೊಳಗಿನ ಗಣಕವೇ ನಿರ್ವಹಿಸುತ್ತದೆ.

ಮಾಲಿನ್ಯ ನಿಯಂತ್ರಣದ ದೃಷ್ಟಿಯಿಂದ ಭಾರತ್ ಸ್ಟೇಜ್ 4 ಮಾನಕಗಳ ಕಾರುಗಳಿಗೆ 2010ರಿಂದ ಮೊದಲನೆಯ ಹಂತದ, 2013ರಿಂದ ಎರಡನೆಯ ಹಂತದ ದೋಷಪತ್ತೆ ವ್ಯವಸ್ಥೆಯನ್ನು ಕಡ್ಡಾಯಗೊಳಿಸಲಾಯಿತು. ಇಂಜಿನ್ನಿನ ಸೆನ್ಸರುಗಳು ಕಳುಹಿಸುವ ಅಳತೆಗಳು ಮಿತಿ ಮೀರಿದಾಗ ಗಣಕವು ಸಂಕೇತವೊಂದನ್ನು ದಾಖಲಿಸಿ, ಚಾಲಕನೆದುರಿನ ಫಲಕದಲ್ಲಿ ಇಂಜಿನ್ ಚಿತ್ರದ ದೀಪವನ್ನು ಬೆಳಗಿಸುತ್ತದೆ. ಸ್ಟಿಯರಿಂಗ್ ಚಕ್ರದ ಆಸುಪಾಸಿನಲ್ಲಿ, ಡ್ಯಾಶ್‌ಬೋರ್ಡಿನ ಕೆಳಗಿರುವ 16 ಪಿನ್ನುಗಳ ಸಾಕೆಟ್ಟಿಗೆ ಸ್ಕ್ಯಾನರನ್ನು ಜೋಡಿಸಿ ಆ ಸಂಕೇತವನ್ನು ಓದಬಹುದು.

ಇಲ್ಲಿ ಒಂದು ಅಂಶವನ್ನು ಗಮನಿಸತಕ್ಕದ್ದು. ಸಂಕೇತವು ಲಕ್ಷಣವನ್ನು ತಿಳಿಸುತ್ತದೆ. ಕೆಟ್ಟ ಭಾಗದ ಹೆಸರನ್ನು ಹೇಳುವುದಿಲ್ಲ. ಉದಾಹರಣೆಗೆ, ಪಿ 0171 ಎಂದರೆ ಮಿಶ್ರಣದಲ್ಲಿ ಗಾಳಿ ಹೆಚ್ಚು, ಇಂಧನ ಕಡಿಮೆ ಎಂದರ್ಥ. ಇದನ್ನು ಕಂಡೊಡನೆ ಆಕ್ಸಿಜನ್ ಸೆನ್ಸರನ್ನು ಬದಲಾಯಿಸುವುದು, ಜ್ವರ ತೋರಿಸಿದ ಉಷ್ಣಮಾಪಕವನ್ನು ಎಸೆದಂತೆ. ಸೆನ್ಸರು ಸತ್ಯವನ್ನೇ ನುಡಿದಿರಬಹುದು. ಗಣಕವು ಎಷ್ಟು ಶೇಕಡಾ ಇಂಧನವನ್ನು ಹೆಚ್ಚುವರಿಯಾಗಿ ಸೇರಿಸುತ್ತಿದೆ ಎಂಬುದನ್ನು ಸ್ಕ್ಯಾನರಿನಲ್ಲಿ ನೋಡಬೇಕು. ಕಾರು ನಿಂತು ಇಂಜಿನ್ ನಿಧಾನವಾಗಿ ಓಡುವಾಗ ಅದು ಶೇ. 20ರಷ್ಟಿದ್ದು, ನಿಮಿಷಕ್ಕೆ 2,500 ಸುತ್ತುಗಳಲ್ಲಿ ಇಳಿದರೆ, ಎಲ್ಲಿಯೋ ಹೊಸಪೈಪು ಬಿರಿದು ಗಾಳಿ ಒಳನುಗ್ಗುತ್ತಿರುವ ಸಂಭವವೇ ಹೆಚ್ಚು. ವೇಗ, ಭಾರ ಹೆಚ್ಚಿದಂತೆ ಅದೂ ಏರಿದರೆ ಇಂಧನ ಪಂಪು ಅಥವಾ ಫಿಲ್ಟರನ್ನು ಪರೀಕ್ಷಿಸಬೇಕು.

ಪಿ 0301 ಎಂಬುದು ಮೊದಲನೆಯ ಸಿಲಿಂಡರಿನಲ್ಲಿ ದಹನ ತಪ್ಪುತ್ತಿರುವುದನ್ನು ಸೂಚಿಸುತ್ತದೆ. ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಇಗ್ನಿಷನ್ ಕಾಯಿಲ್ ಇದ್ದಲ್ಲಿ ಖರ್ಚಿಲ್ಲದ ಪರೀಕ್ಷೆಯೊಂದುಂಟು. ಇಂಜಿನ್ ನಿಲ್ಲಿಸಿ, ಒಂದು ಮತ್ತು ಮೂರನೆಯ ಸಿಲಿಂಡರುಗಳ ಕಾಯಿಲುಗಳನ್ನು ಅದಲುಬದಲು ಮಾಡಿ ಮತ್ತೆ ಓಡಿಸಿದಾಗ ಸಂಕೇತವು 0303 ಎಂದು ಬದಲಾದರೆ ಕಾಯಿಲೇ ದೋಷಯುಕ್ತ. ಬದಲಾಗದಿದ್ದರೆ ಸ್ಪಾರ್ಕ್ ಪ್ಲಗ್, ಇಂಜೆಕ್ಟರುಗಳತ್ತ ಗಮನ ಹರಿಸಬೇಕು. ಸಿಎನ್‌ಜಿ ಟ್ಯಾಕ್ಸಿಗಳವರು ಪೆಟ್ರೋಲಿನಲ್ಲಿಯೂ ಓಡಿಸಿ ನೋಡುವುದು ಒಳಿತು. ತೊಂದರೆ ಅನಿಲದಲ್ಲಿ ಮಾತ್ರ ಕಂಡರೂ ಪ್ಲಗ್ ನಿರ್ದೋಷಿಯೆಂದು ತಿಳಿಯಲಾಗದು. ಅನಿಲವನ್ನು ಹೊತ್ತಿಸಲು ಹೆಚ್ಚಿನ ವೋಲ್ಟೇಜು ಬೇಕಾಗುವುದರಿಂದ ಸವೆದ ಪ್ಲಗ್ ಅಲ್ಲಿಯೇ ಮೊದಲು ಸೋಲುತ್ತದೆ.

ದೀಪವು ಸ್ಥಿರವಾಗಿದ್ದರೆ ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು. ಮಿನುಗತೊಡಗಿದರೆ ದಹನವಾಗದ ಇಂಧನವು ಹೊಗೆಕೊಳವೆಯಲ್ಲಿನ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುವ ಅಪಾಯವಿರುವುದರಿಂದ ವಾಹನವನ್ನು ಬದಿಗೆ ನಿಲ್ಲಿಸಬೇಕು. ಸ್ಕ್ಯಾನರಿನಿಂದ ಸಂಕೇತವನ್ನು ಅಳಿಸಿದರೆ ದೀಪ ಆರುತ್ತದೆ, ದೋಷ ಉಳಿಯುತ್ತದೆ; ಜೊತೆಗೆ ದೋಷ ಸಂಭವಿಸಿದ ಕ್ಷಣದ ವೇಗ, ಉಷ್ಣತೆ ಮೊದಲಾದ ದಾಖಲೆಯೂ ಅಳಿಸಿಹೋಗುತ್ತದೆ. ಅಳಿಸುವ ಮುನ್ನ ಅವನ್ನು ಕಾಗದದಲ್ಲಿ ಬರೆದುಕೊಡುವಂತೆ ಮಾಲೀಕರು ಮೆಕ್ಯಾನಿಕ್ಕರನ್ನು ಕೇಳಿಕೊಳ್ಳತಕ್ಕದ್ದು.